ಸುಸ್ತಾಗುತ್ತಿದ್ದ ರಿಸೀವರ್: ಜಗದೀಶ್ ಚಂದ್ರ ಬೋಸರ ಕಥೆ

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟ್‌ಗೆ ಅಂತ ಲ್ಯಾಬಿನ ಲೈಟುಗಳು ತಾವಾಗಿಯೇ ಆನ್-ಆಫ್ ಆಗುವ ಹಾಗೆ ಮಾಡಲು ಹೊರಟಿದ್ದೆವು. ಮೊದಲು ಹಾಕಿದ್ದು ಸಾಮಾನ್ಯ ಮೋಷನ್ ಸೆನ್ಸರ್. ಅದರ ಕಾಟ ನಿಮಗೂ ಗೊತ್ತಿರುತ್ತೆ. ಅಲ್ಲಾಡದೆ ಕೂತು ಓದುತ್ತಿದ್ದರೆ ಒಳಗೆ ಯಾರೂ ಇಲ್ಲ ಅಂದುಕೊಂಡು ಲೈಟ್ ಆರಿಸಿಬಿಡುತ್ತೆ, ಆಗಾಗ ಕೈ ಬೀಸುತ್ತಾ ಇರಬೇಕು. ಹಾಗಾಗಿ 60 ಗಿಗಾಹರ್ಟ್ಸ್‌ನ ರೇಡಾರ್ ಸೆನ್ಸರ್ ತಂದೆವು. ಉಸಿರಾಡುವಾಗ ಎದೆ ಏರಿಳಿಯುತ್ತಲ್ಲ, ಅಷ್ಟು ಸಣ್ಣ ಚಲನೆಯನ್ನೂ ಅದು ಹಿಡಿಯುತ್ತೆ. ಎರಡು ದಿನ ಚೆನ್ನಾಗಿ ನಡೀತು. ಮೂರನೇ ದಿನ ಬೋರ್ಡ್ ಹ್ಯಾಂಗ್. ಪವರ್ ತೆಗೆದು ಹಾಕಿದರೆ ಸರಿ ಹೋಗುತ್ತೆ, ಮತ್ತೆರಡು ದಿನಕ್ಕೆ ಅದೇ ಕಥೆ. ಕೊನೆಗೆ ದಿನಾ ರಾತ್ರಿ ಎರಡು ಗಂಟೆಗೆ ತಾನೇ ರೀಸ್ಟಾರ್ಟ್ ಆಗುವ ಹಾಗೆ ನಾಲ್ಕು ಸಾಲು ಕೋಡ್ ಬರೆದು ಕೈ ತೊಳೆದುಕೊಂಡೆವು.

ವೈವಾದಲ್ಲಿ ಮೇಡಂ ಒಂದೇ ಪ್ರಶ್ನೆ ಕೇಳಿದರು, ಅದು ಯಾಕೆ ಹ್ಯಾಂಗ್ ಆಗುತ್ತೆ ಅಂತ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ. ಹೋಗಿ ಜಗದೀಶ್ ಚಂದ್ರ ಬೋಸರ ಬಗ್ಗೆ ಓದಿಕೊಂಡು ಬನ್ನಿ ಅಂದರು. ನಮಗೆ ಬೋಸ್ ಅಂದರೆ ಗಿಡಕ್ಕೆ ಜೀವ ಇದೆ ಅಂತ ತೋರಿಸಿದವರು, ಹೈಸ್ಕೂಲ್ ಪಾಠ, ಅಷ್ಟೇ. ನಮ್ಮಲ್ಲೊಬ್ಬ ಅವರನ್ನು ಸುಭಾಷ್ ಚಂದ್ರ ಬೋಸರ ಅಣ್ಣ ಅಂತಲೇ ತಿಳಿದಿದ್ದ. ರೇಡಾರ್ ಸೆನ್ಸರ್‌ಗೂ ಗಿಡಕ್ಕೂ ಏನು ಸಂಬಂಧ ಅಂತ ಹುಡುಕಲು ಕೂತ ನಾವು ರಾತ್ರಿ ಊಟವನ್ನೇ ಮರೆತೆವು.

ಜಗದೀಶರು ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಪೂರ್ವ ಬಂಗಾಳದಲ್ಲಿ. ತಂದೆ ಭಗವಾನ್ ಚಂದ್ರ ಬೋಸ್ ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಅಂಥ ಹುದ್ದೆಯವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುತ್ತಿದ್ದ ಕಾಲ ಅದು. ಇವರು ಮಾತ್ರ ಮಗನನ್ನು ಬಂಗಾಳಿ ಶಾಲೆಗೆ ಕಳಿಸಿದರು. ಅಲ್ಲಿ ಆ ಕಡೆ ಈ ಕಡೆ ಕೂರುತ್ತಿದ್ದವರು ಮನೆಯ ಜವಾನನ ಮಗ ಮತ್ತು ಒಬ್ಬ ಮೀನುಗಾರನ ಮಗ. ಹಕ್ಕಿ, ಮೀನು, ನೀರಿನ ಜೀವಿಗಳ ಕಥೆಗಳನ್ನು ಈ ಹುಡುಗರಿಂದಲೇ ಕೇಳಿ ತನಗೆ ಪ್ರಕೃತಿಯ ಹುಚ್ಚು ಹತ್ತಿತು ಅಂತ ಬೋಸರು ಮುಂದೆ ನೆನೆಸಿಕೊಂಡಿದ್ದಾರೆ. ಕನ್ನಡ ಮೀಡಿಯಂನಿಂದ ಬಂದು ಮೊದಲ ವರ್ಷ ಲ್ಯಾಬ್ ಮ್ಯಾನುಯಲ್ ಮುಂದೆ ಕಣ್ಣು ಕಣ್ಣು ಬಿಟ್ಟವರು ನಮ್ಮಲ್ಲೂ ಇದ್ದೇವಲ್ಲ, ಈ ಸಾಲು ಓದಿ ನಮಗೆ ಸ್ವಲ್ಪ ಜಾಸ್ತಿಯೇ ಖುಷಿಯಾಯಿತು.

ಆಮೇಲೆ ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜು. ಅಲ್ಲಿ ಫಾದರ್ ಲಾಫೋಂ ಮಾಡಿ ತೋರಿಸುತ್ತಿದ್ದ ಪ್ರಯೋಗಗಳು ಹುಡುಗನನ್ನು ಭೌತಶಾಸ್ತ್ರದ ಕಡೆ ಎಳೆದವು. 1880ರಲ್ಲಿ ವೈದ್ಯಕೀಯ ಓದಲು ಲಂಡನ್ನಿಗೆ ಹೋದರೂ ಆರೋಗ್ಯ ಕೈಕೊಟ್ಟಿತು. ಅದನ್ನು ಬಿಟ್ಟು ಕೇಂಬ್ರಿಡ್ಜ್ ಸೇರಿದರು. ಅಲ್ಲಿ ಲಾರ್ಡ್ ರ‍್ಯಾಲೇ ಅವರಂಥ ಮೇಷ್ಟ್ರು ಸಿಕ್ಕಿದರು.

1885ರಲ್ಲಿ ಬೋಸರು ವಾಪಸ್ ಬಂದು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದಾಗ ಕಾದಿದ್ದು ಅವಮಾನ. ಅದೇ ಕೆಲಸಕ್ಕೆ ಯುರೋಪಿಯನ್ನರಿಗೆ ಪೂರ್ತಿ ಸಂಬಳ, ಭಾರತೀಯರಿಗೆ ಅದರ ಮೂರನೇ ಎರಡು ಭಾಗ. ಹಂಗಾಮಿ ಅನ್ನುವ ನೆಪದಲ್ಲಿ ಬೋಸರಿಗೆ ಅದರಲ್ಲೂ ಅರ್ಧ. ಅವರು ಜಗಳಕ್ಕೆ ನಿಲ್ಲಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಪಾಠ ಮಾಡಿದರು, ಸಂಬಳ ಮಾತ್ರ ಮುಟ್ಟಲಿಲ್ಲ. ಒಂದೆರಡು ತಿಂಗಳಲ್ಲ, ಮೂರು ವರ್ಷ! ಅದೂ ತಂದೆ ಸಾಲದಲ್ಲಿ ಮುಳುಗಿದ್ದಾಗ, 1887ರಲ್ಲಿ ಅಬಲಾ ಅವರನ್ನು ಮದುವೆಯಾಗಿ ಸಂಸಾರ ಶುರುಮಾಡಿದ್ದಾಗ. ಕೊನೆಗೆ ಸರ್ಕಾರವೇ ಸೋತು ಹಿಂದಿನ ಬಾಕಿಯನ್ನೂ ಸೇರಿಸಿ ಪೂರ್ತಿ ಸಂಬಳ ಕೊಟ್ಟಿತು. ಆ ದುಡ್ಡು ಅಪ್ಪನ ಸಾಲಕ್ಕೆ ಹೋಯಿತು.

ಸಂಶೋಧನೆಗೆ ಅಂತ ಕಾಲೇಜಿನಲ್ಲಿ ಲ್ಯಾಬ್ ಇರಲಿಲ್ಲ. ಇದ್ದದ್ದು ಬಚ್ಚಲಿನ ಪಕ್ಕದ ಒಂದು ಪುಟ್ಟ ಕೋಣೆ. ಸಹಾಯಕ್ಕೆ ಒಬ್ಬ ತಗಡಿನ ಕೆಲಸದವನು. ಅವನಿಗೆ ಬೋಸರೇ ಕೆಲಸ ಕಲಿಸಿದರು. 1894ರಲ್ಲಿ, ಮೂವತ್ತಾರು ತುಂಬಿದ ಹುಟ್ಟುಹಬ್ಬದ ದಿನ, ಇನ್ನು ಮುಂದೆ ಸಂಶೋಧನೆಯೇ ತನ್ನ ಜೀವನ ಅಂತ ತೀರ್ಮಾನ ಮಾಡಿದರು. ಹರ್ಟ್ಸ್ ತೋರಿಸಿದ್ದ ವಿದ್ಯುತ್ ಅಲೆಗಳು ಉದ್ದವಾದವು. ಅವುಗಳನ್ನು ಮೇಜಿನ ಮೇಲೆ ಬಾಗಿಸಿ, ತಿರುಗಿಸಿ ನೋಡಬೇಕಾದರೆ ದೊಡ್ಡ ದೊಡ್ಡ ಉಪಕರಣ ಬೇಕು. ಬೋಸರು ಅಲೆಯನ್ನೇ ಚಿಕ್ಕದು ಮಾಡಿದರು. ಎಷ್ಟು ಚಿಕ್ಕದು? ಸುಮಾರು 5 ಮಿಲಿಮೀಟರ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿ ನೋಡಿ, 60 ಗಿಗಾಹರ್ಟ್ಸ್ ಬರುತ್ತೆ. ನಮ್ಮ ಲ್ಯಾಬಿನ ಗೋಡೆಗೆ ಅಂಟಿಸಿದ ಸೆನ್ಸರ್ ಇರೋದು ಅದೇ ಜಾಗದಲ್ಲಿ! ಹಾರ್ನ್ ಆಂಟೆನಾ, ಅಲೆಯನ್ನು ಒಯ್ಯುವ ಕೊಳವೆ, ಗಂಧಕದ ಪ್ರಿಸಂ ಎಲ್ಲಾ ಆ ಕೋಣೆಯಲ್ಲೇ ತಯಾರಾದವು. ಧ್ರುವೀಕರಣ ತೋರಿಸಲು ಹೊಸೆದ ಸೆಣಬನ್ನು ಬಳಸಿದರು. ರೈಲ್ವೆ ಟೈಮ್‌ಟೇಬಲ್ ಪುಸ್ತಕದ ಹಾಳೆಗಳ ನಡುವೆ ತವರದ ತೆಳು ಹಾಳೆ ಇಟ್ಟು ಅದನ್ನೂ ಪ್ರಯೋಗಕ್ಕೆ ಎಳೆದುಕೊಂಡರು. ಕಾಂಪೊನೆಂಟ್ ಇನ್ನೂ ಕೊರಿಯರ್‌ನಲ್ಲಿದೆ ಅಂತ ಎರಡು ವಾರ ಸುಮ್ಮನೆ ಕೂತಿದ್ದ ನಮಗೆ ಇದನ್ನು ಓದಿ ಸ್ವಲ್ಪ ನಾಚಿಕೆಯೂ ಆಯಿತು.

1895ರಲ್ಲಿ ಅವರು ಕಲ್ಕತ್ತೆಯಲ್ಲಿ ಜನರ ಮುಂದೆ ಮಾಡಿ ತೋರಿಸಿದ್ದನ್ನು ಇವತ್ತಿನ ಭಾಷೆಯಲ್ಲಿ ಹೇಳಬೇಕಾದರೆ ವೈರ್ ಇಲ್ಲದ ಸ್ವಿಚ್ ಅನ್ನಬಹುದು. ಒಂದು ಕಡೆ ಕಿಡಿ ಹಾರಿಸಿದರು. ಅಲೆ ಗೋಡೆಗಳನ್ನು ದಾಟಿ ಸುಮಾರು 75 ಅಡಿ ಆಚೆಗಿನ ಕೋಣೆ ಸೇರಿ ಅಲ್ಲಿ ಗಂಟೆ ಬಾರಿಸಿತು, ಪಿಸ್ತೂಲು ಹಾರಿಸಿತು, ಮದ್ದಿನಪುಡಿ ಸಿಡಿಸಿತು. ಗೋಡೆಗಳ ಜೊತೆಗೆ ಆ ಅಲೆ ಅಧ್ಯಕ್ಷತೆ ವಹಿಸಿದ್ದ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಸಾಹೇಬರ ಮೈಯನ್ನೂ ಹಾದು ಹೋಗಿತ್ತಂತೆ. ಒಳಗಿನ ವ್ಯವಸ್ಥೆ ನಮ್ಮದರ ಹಾಗೇ ಇತ್ತು. ಅಲೆ ಬಂದಾಗ ಸೆನ್ಸರ್‌ನ ರೋಧ ಇಳಿಯುತ್ತೆ, ಬ್ಯಾಟರಿಯ ಕರೆಂಟ್ ಹರಿಯುತ್ತೆ, ಅದು ಇನ್ನೊಂದು ಸರ್ಕ್ಯೂಟನ್ನು ಮುಚ್ಚುತ್ತೆ.

ಆ ಸೆನ್ಸರ್‌ನ ಹೆಸರು ಕೊಹಿರರ್. ಈ ಕಥೆಯ ನಿಜವಾದ ತಲೆನೋವು ಅದೇ. ಫ್ರಾನ್ಸಿನ ಬ್ರಾನ್ಲಿ 1890ರಲ್ಲಿ ಗಾಜಿನ ಕೊಳವೆಯಲ್ಲಿ ಲೋಹದ ಪುಡಿ ತುಂಬಿ, ಅಲೆ ತಾಗಿದರೆ ಅದರೊಳಗೆ ಕರೆಂಟ್ ಸರಾಗವಾಗಿ ಹರಿಯುತ್ತೆ ಅಂತ ತೋರಿಸಿದ್ದರು. ಆದರೆ ಒಮ್ಮೆ ಅಲೆ ತಾಗಿದರೆ ಪುಡಿಯ ಕಣಗಳು ಹಾಗೇ ಒಂದಕ್ಕೊಂದು ಅಂಟಿಕೊಂಡು ಕೂತುಬಿಡುತ್ತವೆ. ಮುಂದಿನ ಸಂಕೇತ ಗೊತ್ತಾಗಬೇಕಾದರೆ ಕೊಳವೆಯನ್ನು ಟಕ್ ಅಂತ ತಟ್ಟಬೇಕು. ಇಂಗ್ಲೆಂಡಿನಲ್ಲಿ ಲಾಡ್ಜ್, ಆಮೇಲೆ ಮಾರ್ಕೋನಿ, ತಟ್ಟುವುದಕ್ಕೇ ಒಂದು ಯಂತ್ರ ಜೋಡಿಸಿದರು. ನಮ್ಮ ರಾತ್ರಿ ಎರಡು ಗಂಟೆಯ ರೀಸ್ಟಾರ್ಟ್ ಕೋಡ್ ಕೂಡ ಅದೇ ತಟ್ಟುವ ಯಂತ್ರ ಅಂತ ಅವತ್ತು ಹೊಳೆಯಿತು.

ಬೋಸರಿಗೆ ತಟ್ಟಿ ಮುಂದೆ ಹೋಗುವುದು ಒಗ್ಗಲಿಲ್ಲ. ಪುಡಿಯ ಬದಲು ಸಣ್ಣ ಉಕ್ಕಿನ ಸ್ಪ್ರಿಂಗುಗಳನ್ನು ಸಾಲಾಗಿ ಜೋಡಿಸಿ, ಒತ್ತಡವನ್ನು ಸ್ಕ್ರೂನಿಂದ, ಕರೆಂಟನ್ನು ವೋಲ್ಟೇಜಿನಿಂದ ಹದ ಮಾಡುವ ರಿಸೀವರ್ ಮಾಡಿಕೊಂಡರು. ಒಂದಾದ ಮೇಲೊಂದು ಲೋಹ ತೆಗೆದುಕೊಂಡು ಪರೀಕ್ಷೆ ಮಾಡಿದರು. ಪೊಟ್ಯಾಸಿಯಂ ಉಲ್ಟಾ ನಡೆದುಕೊಂಡಿತು. ಅಲೆ ತಾಗಿದರೆ ಅದರ ರೋಧ ಏರುತ್ತೆ, ಅಲೆ ನಿಂತರೆ ತಾನೇ ಮೊದಲಿನ ಸ್ಥಿತಿಗೆ ಬರುತ್ತೆ. ಹಾಗಾದರೆ ಕಣಗಳು ಅಂಟಿಕೊಳ್ಳುತ್ತವೆ ಅನ್ನುವುದೊಂದೇ ವಿವರಣೆ ಸಾಲದು ಅಂತಾಯಿತು. 1899ರ ಹೊತ್ತಿಗೆ ತಟ್ಟುವ ಅಗತ್ಯವೇ ಇಲ್ಲದ, ಕಬ್ಬಿಣ ಮತ್ತು ಪಾದರಸದ ಡಿಟೆಕ್ಟರ್‌ನ ವಿವರವನ್ನು ರಾಯಲ್ ಸೊಸೈಟಿಗೆ ಕಳಿಸಿದರು. ರೇಡಿಯೋ ಕಂಡುಹಿಡಿದವರು ಬೋಸೋ ಮಾರ್ಕೋನಿಯೋ ಅನ್ನುವ ವಾಟ್ಸ್ಯಾಪ್ ಜಗಳಕ್ಕೆ ನಾವಂತೂ ಹೋಗಲ್ಲ. ಮಾರ್ಕೋನಿಗೆ ಬೇಕಿದ್ದದ್ದು ಸಂದೇಶ, ಬೋಸರಿಗೆ ಬೇಕಿದ್ದದ್ದು ಕಾರಣ.

ಈ ಪರೀಕ್ಷೆಗಳ ನಡುವೆ ಅವರ ಕಣ್ಣಿಗೆ ಇನ್ನೊಂದು ವಿಚಿತ್ರ ಬಿತ್ತು. ತುಂಬಾ ಹೊತ್ತು ಬಳಸಿದರೆ ರಿಸೀವರ್ ಮಂಕಾಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚುರುಕು. ಬೇರೆ ಯಾರಾದರೂ ಆಗಿದ್ದರೆ ಹೊಸದೊಂದನ್ನು ಹಾಕಿ ಕೆಲಸ ಮುಂದುವರಿಸುತ್ತಿದ್ದರೇನೋ. ಬೋಸರು ಗ್ರಾಫ್ ಎಳೆದರು. ಆ ಗೆರೆ ದುಡಿದು ದಣಿದ ಸ್ನಾಯುವಿನ ಗ್ರಾಫಿನ ಹಾಗೇ ಕಂಡಿತು. ಲೋಹಕ್ಕೂ ಸುಸ್ತಾಗುತ್ತಾ? 1900ರಲ್ಲಿ ಪ್ಯಾರಿಸ್ಸಿನ ಭೌತಶಾಸ್ತ್ರಜ್ಞರ ಸಮ್ಮೇಳನದಲ್ಲಿ, ಮರು ವರ್ಷ ಲಂಡನ್ನಿನಲ್ಲಿ, ಲೋಹ ಮತ್ತು ಜೀವಿಗಳ ಪ್ರತಿಕ್ರಿಯೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು.

ಇಲ್ಲಿಂದ ಬೋಸರ ದಾರಿ ಕಷ್ಟದ್ದಾಯಿತು. ಶರೀರಶಾಸ್ತ್ರದ ದೊಡ್ಡವರು ಸಿಟ್ಟಾದರು. ಭೌತಶಾಸ್ತ್ರದವನಿಗೆ ತಮ್ಮ ಹೊಲದಲ್ಲೇನು ಕೆಲಸ ಅನ್ನುವ ಧಾಟಿ ಅವರದ್ದು. ರಾಯಲ್ ಸೊಸೈಟಿ ಆ ಪ್ರಬಂಧ ಅಚ್ಚು ಹಾಕಲಿಲ್ಲ. ಬೋಸರು ಹಿಂದೆ ಸರಿಯದೆ 1902ರಲ್ಲಿ ಪುಸ್ತಕವನ್ನೇ ಬರೆದರು, ಆಮೇಲೆ ಪೂರ್ತಿ ಗಿಡಗಳ ಕಡೆ ಹೊರಳಿದರು. ಇಲ್ಲಿ ನಮ್ಮಲ್ಲೇ ಎರಡು ಪಕ್ಷ. ಇಷ್ಟು ಒಳ್ಳೆಯ ರೇಡಿಯೋ ಎಂಜಿನಿಯರ್ ಒಬ್ಬರನ್ನು ಕಳೆದುಕೊಂಡೆವು ಅಂತ ಇಬ್ಬರ ಕೊರಗು. ಇವತ್ತಿನ ತಿಳಿವಳಿಕೆ ಪ್ರಕಾರ ಕೊಹಿರರ್‌ನ ಆಟವೆಲ್ಲ ಲೋಹದ ಮೇಲಿನ ತೆಳು ಆಕ್ಸೈಡ್ ಪದರ ಮತ್ತು ಕಣಗಳು ತಾಗುವ ಜಾಗದಲ್ಲಿ ನಡೆಯೋದು. ಅದನ್ನು ಸ್ನಾಯುವಿಗೆ ಹೋಲಿಸಿದ್ದು ಗ್ರಾಫ್ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದಂತೆ ಅಂತಲೇ ನಮಗನ್ನಿಸುತ್ತೆ. ಆದರೆ ಅದೇ ಹೋಲಿಕೆ ಹಿಡಿದು ಹೋಗಿದ್ದರಿಂದಲೇ ಗಿಡಗಳೊಳಗೆ ವಿದ್ಯುತ್ ಸಂಕೇತ ಓಡುತ್ತೆ ಅಂತ ಅವರು ಅಳೆದು ತೋರಿಸಿದ್ದು. ಅದು ಇವತ್ತಿಗೂ ನಿಂತಿದೆ. ಮುಟ್ಟಿದರೆ ಮುನಿಯ ಸಸ್ಯ ಅವರ ಮೇಜಿನ ಮೇಲೆ ವರ್ಷಗಟ್ಟಲೆ ಇತ್ತು.

ಪೇಟೆಂಟ್ ವಿಷಯದಲ್ಲೂ ಅವರ ಹಟ ಸಂಬಳದ ಹಟದಂಥದ್ದೇ. 1901ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸಕ್ಕೆ ಮುಂಚೆ ಟೆಲಿಗ್ರಾಫ್ ಕಂಪನಿಯ ಮಾಲೀಕರೊಬ್ಬರು ಪೇಟೆಂಟ್ ಅರ್ಜಿ ಹಿಡಿದುಕೊಂಡೇ ಬಂದಿದ್ದರು. ಲಾಭದಲ್ಲಿ ಅರ್ಧ ಬೋಸರಿಗೆ, ಬಂಡವಾಳ ಅವರದ್ದು. ಬೋಸರು ಒಪ್ಪಲಿಲ್ಲ. ಗೆಳೆಯ ರವೀಂದ್ರನಾಥ ಟ್ಯಾಗೋರರಿಗೆ ಪತ್ರ ಬರೆದು ಇದನ್ನು ತಿಳಿಸಿದರು. ಕೊನೆಗೆ ಸಾರಾ ಬುಲ್ ಮತ್ತು ಸೋದರಿ ನಿವೇದಿತಾ ಪಟ್ಟು ಹಿಡಿದದ್ದರಿಂದ ಗೆಲೀನಾ ಹರಳಿನ ಡಿಟೆಕ್ಟರ್‌ಗೆ ಅಮೆರಿಕದಲ್ಲಿ ಅರ್ಜಿ ಹೋಯಿತು. 1904ರಲ್ಲಿ ಪೇಟೆಂಟ್ ಸಿಕ್ಕಿತು. ಅರೆವಾಹಕ ಸಾಧನಕ್ಕೆ ಸಿಕ್ಕ ಮೊದಮೊದಲ ಪೇಟೆಂಟ್‌ಗಳಲ್ಲಿ ಅದೂ ಒಂದು. ಬೋಸರು ಅದರಿಂದ ದುಡ್ಡು ಮಾಡಲು ಹೋಗಲೇ ಇಲ್ಲ.

ಇಷ್ಟು ಓದಿದ ಮೇಲೆ ನಾವು ಆ ನಾಲ್ಕು ಸಾಲು ಕೋಡ್ ಅಳಿಸಿದೆವು. ಬೋರ್ಡಿನಲ್ಲಿ ಎಷ್ಟು ಮೆಮೊರಿ ಖಾಲಿ ಇದೆ ಅಂತ ಹತ್ತು ನಿಮಿಷಕ್ಕೊಮ್ಮೆ ಬರೆದಿಟ್ಟು ಗ್ರಾಫ್ ಎಳೆದೆವು. ವೈಫೈ ಕಡಿದು ಮತ್ತೆ ಸೇರಿದಾಗಲೆಲ್ಲ ಗೆರೆ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಹಳೆಯ ಸಂಪರ್ಕವನ್ನು ಮುಚ್ಚದೆ ಹೊಸದನ್ನು ತೆರೆಯುತ್ತಿದ್ದವರು ನಾವೇ. ಪಾಪ, ಬೋರ್ಡಿನ ತಪ್ಪೇನಿರಲಿಲ್ಲ. ಈಗ ಲೈಟ್ ಆರೋದೇ ಇಲ್ಲ ಅನ್ನುವುದು ಹೊಸ ತಕರಾರು. ಸೀಲಿಂಗ್ ಫ್ಯಾನ್ ತಿರುಗೋದನ್ನು ರೇಡಾರ್ ಮನುಷ್ಯ ಅಂತ ತಿಳಿಯುತ್ತಿದೆ, ಅದರ ಗ್ರಾಫ್ ಎಳೆಯುತ್ತಾ ಇದ್ದೇವೆ.

ಬೋಸರು ತಮ್ಮ ಐವತ್ತೊಂಬತ್ತನೇ ಹುಟ್ಟುಹಬ್ಬದಂದು, 1917ರ ನವೆಂಬರ್ 30ರಂದು, ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಮಂದಿರ ತೆರೆದರು. ಅಲ್ಲಿ ಕಂಡುಹಿಡಿದ ಯಾವುದಕ್ಕೂ ಪೇಟೆಂಟ್ ಇಲ್ಲ ಅಂತ ಅವತ್ತೇ ಸಾರಿದರು. ಒಂದು ಕಾಲದಲ್ಲಿ ಅವರ ಪ್ರಬಂಧವನ್ನು ಅಚ್ಚು ಹಾಕದ ರಾಯಲ್ ಸೊಸೈಟಿ 1920ರಲ್ಲಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು. ಎಪ್ಪತ್ತೊಂಬತ್ತು ತುಂಬಲು ಇನ್ನೊಂದು ವಾರ ಇತ್ತು. ಅವರ ಹಾರ್ನ್ ಆಂಟೆನಾ, ರಿಸೀವರುಗಳು ಇವತ್ತಿಗೂ ಕೋಲ್ಕತ್ತದ ಆ ಸಂಸ್ಥೆಯ ಮ್ಯೂಸಿಯಂನಲ್ಲಿವೆ.