ಫಿರಂಗಿಗೆ ಗುಂಡು ತುಂಬಿದ ಸೇನಾನಿ

ವಿಕ್ಟೋರಿಯ ಕ್ರಾಸ್ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕ. ಅದನ್ನು ಗಳಿಸಿದ ಫಿರಂಗಿದಳದ ಅಧಿಕಾರಿಗಳಲ್ಲಿ ಜಾನ್ ಚಾರ್ಲ್ಸ್ ಕ್ಯಾಂಬೆಲ್ ಸ್ಮರಣೀಯನು. 1894ರಲ್ಲಿ ಸ್ಕಾಟ್ಲೆಂಡಿನ ಥರ್ಸೋ ಊರಿನಲ್ಲಿ ಜನಿಸಿದ ಈತನು ಮೊದಲನೆಯ ಮಹಾಯುದ್ಧದಲ್ಲಿಯೇ ಮಿಲಿಟರಿ ಕ್ರಾಸ್ ಪದಕವನ್ನು ಪಡೆದಿದ್ದನು.

ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರುಭೂಮಿಯು ಅವನ ಕಾರ್ಯಕ್ಷೇತ್ರವಾಯಿತು. ಕೆಲವೇ ಫಿರಂಗಿಗಳನ್ನೂ ಕಾಲಾಳುಗಳನ್ನೂ ಕೂಡಿಸಿಕೊಂಡ ಸಣ್ಣ ತಂಡಗಳಿಂದ ಅವನು ಶತ್ರುವನ್ನು ಕಾಡಿದನು. ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್ ಎಂಬ ಗೌರವವು ಅವನಿಗೆ ಎರಡು ಬಾರಿ ಸಂದಿತು.

1941ರ ನವೆಂಬರ್ 21 ಮತ್ತು 22ರಂದು ಲಿಬಿಯದ ಸಿದಿ ರೆಜೆಗ್ ವಿಮಾನ ನಿಲ್ದಾಣವನ್ನು ಕಾಯುತ್ತಿದ್ದ ಅವನ ಚಿಕ್ಕ ಸೈನ್ಯದ ಮೇಲೆ ಜರ್ಮನ್ ಟ್ಯಾಂಕುಗಳು ಮತ್ತೆ ಮತ್ತೆ ಎರಗಿದವು. ಆಗ ಬ್ರಿಗೇಡಿಯರ್ ಆಗಿದ್ದ ಕ್ಯಾಂಬೆಲ್ ಸುರಕ್ಷಿತ ಸ್ಥಳದಲ್ಲಿ ಕುಳಿತು ಆಜ್ಞೆ ಕಳುಹಿಸಲಿಲ್ಲ. ತೆರೆದ ಕಾರಿನಲ್ಲಿ ಮುಂಚೂಣಿಗೆ ಧಾವಿಸಿ ಯೋಧರನ್ನು ಹುರಿದುಂಬಿಸಿದನು. ಫಿರಂಗಿ ನಡೆಸುವವರು ಕೆಳಗುರುಳಿದಾಗ ತಾನೇ ಅವರ ಸ್ಥಾನದಲ್ಲಿ ನಿಂತನು. ಗಾಯಗೊಂಡರೂ ರಣರಂಗವನ್ನು ಬಿಡದೆ, ಕಡೆಗೆ ಸಾಮಾನ್ಯ ಸೈನಿಕನಂತೆ ಫಿರಂಗಿಗೆ ಗುಂಡು ತುಂಬಿದನು.

ಆ ಸಂಜೆ ನಿಲ್ದಾಣವು ಶತ್ರುಗಳ ವಶವಾಯಿತು. ಆದರೂ 1942ರ ಫೆಬ್ರವರಿಯಲ್ಲಿ ಕ್ಯಾಂಬೆಲ್ಲನಿಗೆ ವಿಕ್ಟೋರಿಯ ಕ್ರಾಸ್ ಘೋಷಿತವಾಯಿತು. ಅದೇ ತಿಂಗಳು, ಮೇಜರ್ ಜನರಲ್ ಪದವಿಗೇರಿದ್ದ ಆ ವೀರನು ಕಾರು ಮಗುಚಿ ಮರಣಹೊಂದಿದನು. ಸೋತ ದಿನದಲ್ಲಿಯೂ ತನ್ನವರ ಅಪಾಯದಲ್ಲಿ ಪಾಲುಗೊಂಡ ನಾಯಕನನ್ನು ಆ ಪದಕವು ಇಂದಿಗೂ ನೆನಪಿಸುತ್ತದೆ.