ಮನೆಪಾಠದ ಗಣಿತಾಚಾರ್ಯ ಡಿ ಮ್ವಾವರ್

ಪದವಿಪೂರ್ವ ತರಗತಿಯಲ್ಲಿ ಗಣಿತವನ್ನು ಓದಿದವರಿಗೆ ಡಿ ಮ್ವಾವರ್ ಎಂಬುದು ಒಂದು ಪ್ರಮೇಯದ ಹೆಸರು. ಆ ಹೆಸರಿನ ಹಿಂದಿದ್ದ ಮನುಷ್ಯನು ಬಾಳಿನುದ್ದಕ್ಕೂ ಮನೆಮನೆಗೆ ಹೋಗಿ ಲೆಕ್ಕ ಹೇಳಿಕೊಟ್ಟು ಹೊಟ್ಟೆ ಹೊರೆದನೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಅಧ್ಯಾಪನವನ್ನು ಕಾಯಕವೆಂದು ಬಗೆದವರ ಈ ಸಂಪುಟದಲ್ಲಿ ಆತನಿಗೂ ಒಂದೆರಡು ಪುಟ ಸಲ್ಲಬೇಕು.

ಅಬ್ರಹಾಂ ಡಿ ಮ್ವಾವರ್ 1667ರ ಮೇ 26ರಂದು ಫ್ರಾನ್ಸಿನ ವಿತ್ರಿ ಎಂಬ ಊರಿನಲ್ಲಿ ಜನಿಸಿದನು. ತಂದೆ ಶಸ್ತ್ರವೈದ್ಯ; ಮನೆತನ ಪ್ರಾಟೆಸ್ಟಂಟ್ ಮತದ್ದು. ಸೋಮ್ಯೂರಿನಲ್ಲಿ ತರ್ಕಶಾಸ್ತ್ರವನ್ನು ಓದುತ್ತಿದ್ದಾಗಲೇ, ಜೂಜಿನ ಲೆಕ್ಕಗಳನ್ನು ಕುರಿತು ಹೈಗೆನ್ಸನು ಬರೆದ ಕಿರುಗ್ರಂಥವನ್ನು ಯಾರ ನೆರವೂ ಇಲ್ಲದೆ ಅಭ್ಯಾಸಮಾಡಿದನು. 1685ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ಪ್ರಾಟೆಸ್ಟಂಟರಿಗೆ ರಕ್ಷಣೆಯಾಗಿದ್ದ ಶಾಸನವನ್ನು ರದ್ದುಪಡಿಸಿದನು. ದೇಶವನ್ನು ತೊರೆದ ಸಾವಿರಾರು ಜನರಂತೆ ಈ ತರುಣನೂ ಕೆಲವು ವರ್ಷಗಳೊಳಗೆ ಲಂಡನ್ನನ್ನು ಸೇರಿದನು.

ಕೈಯಲ್ಲಿದ್ದುದು ಗಣಿತವಿದ್ಯೆಯೊಂದೇ. ಶ್ರೀಮಂತರ ಮಕ್ಕಳಿಗೆ ಬೀಜಗಣಿತ, ರೇಖಾಗಣಿತಗಳನ್ನು ಕಲಿಸತೊಡಗಿದನು. ಒಂದು ದಿನ ಡೆವನ್‌ಷೈರ್ ಪ್ರಭುವಿನ ಮನೆಯಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯ’ ಗ್ರಂಥ ಕಣ್ಣಿಗೆ ಬಿತ್ತು. ತೆರೆದು ನೋಡಿದರೆ ಅರ್ಥವಾಗಲಿಲ್ಲ! ತಾನು ಕಲಿತದ್ದು ಎಷ್ಟು ಅಲ್ಪವೆಂಬುದು ಮನವರಿಕೆಯಾಯಿತು. ಒಂದು ಪ್ರತಿಯನ್ನು ಕೊಂಡು, ಹಾಳೆಗಳನ್ನು ಹರಿದು ಜೇಬಿನಲ್ಲಿಟ್ಟುಕೊಂಡು, ಒಂದು ಪಾಠದಿಂದ ಇನ್ನೊಂದು ಪಾಠಕ್ಕೆ ನಡೆಯುವ ಬಿಡುವಿನಲ್ಲಿ ಆ ಮಹಾಗ್ರಂಥವನ್ನು ಕರಗತಮಾಡಿಕೊಂಡನು. ಕಲಿಸುವವನು ಕಲಿಯುತ್ತಲೂ ಇರುವುದಕ್ಕೆ ಇದಕ್ಕಿಂತ ಸೊಗಸಾದ ಚಿತ್ರ ನನಗೆ ಬೇರೆ ಕಂಡಿಲ್ಲ.

1697ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ನ್ಯೂಟನ್ನನ ಸ್ನೇಹವೂ ದೊರೆಯಿತು. ದೊರೆಯದೆ ಹೋದದ್ದು ಪ್ರಾಧ್ಯಾಪಕ ಪದವಿ. ಲೈಬ್ನಿಟ್ಸ್‌ನಂಥವನು ಯತ್ನಿಸಿದರೂ ಫಲಿಸಲಿಲ್ಲ. ನಷ್ಟ ವಿಶ್ವವಿದ್ಯಾನಿಲಯಗಳದ್ದೆಂದು ಹೇಳಿ ನಾವು ಸಮಾಧಾನಪಡಬಹುದು. ಆದರೆ ಮಳೆ ಚಳಿಗಳಲ್ಲಿ ಬೀದಿ ಅಲೆದವನು ಡಿ ಮ್ವಾವರನೇ.

ಸೇಂಟ್ ಮಾರ್ಟಿನ್ಸ್ ಲೇನಿನ ಕಾಫಿಗೃಹವೊಂದರಲ್ಲಿ ಆತನು ಕುಳಿತಿರುತ್ತಿದ್ದನು. ಪಗಡೆ, ಇಸ್ಪೀಟು ಆಡುವವರು ಗೆಲುವಿನ ಸಂಭವವನ್ನು ಕೇಳಲು ಬರುತ್ತಿದ್ದರು. ಆಯುಷ್ಯವಿರುವವರೆಗೆ ವರ್ಷಾಶನ ಪಡೆಯಲಿಚ್ಛಿಸುವವರು ಅದರ ಬೆಲೆಯನ್ನು ಕೇಳುತ್ತಿದ್ದರು. ಪ್ರಶ್ನೆಗಳು ಕ್ಷುದ್ರವಾಗಿ ತೋರಬಹುದು. ಅವುಗಳನ್ನು ಬೀಜಗಣಿತದ ಅಕ್ಷರಗಳಲ್ಲಿ ಬರೆದು, ಒಂದೊಂದು ಆಟಕ್ಕೆ ಸೀಮಿತವಾಗದ ಸಾಮಾನ್ಯ ನಿಯಮಗಳನ್ನು ಆತನು ತೆಗೆದನು. ಹೀಗೆ 1718ರಲ್ಲಿ ‘ಡಾಕ್ಟ್ರಿನ್ ಆಫ್ ಚಾನ್ಸಸ್’ ಗ್ರಂಥವೂ, 1725ರಲ್ಲಿ ವರ್ಷಾಶನಗಳ ಗ್ರಂಥವೂ ಹೊರಬಂದವು.

ಎಲ್ಲಕ್ಕೂ ಮಿಗಿಲಾದುದು 1733ರ ನವೆಂಬರಿನಲ್ಲಿ ಮುದ್ರಿಸಿ ಮಿತ್ರರಿಗೆ ಹಂಚಿದ, ಕೆಲವೇ ಪುಟಗಳ ಲ್ಯಾಟಿನ್ ಲೇಖನ. ನಾಣ್ಯವನ್ನು 3,600 ಸಲ ಚಿಮ್ಮಿದರೆ ಸುಮಾರು 1,800 ಸಲ ಶಿರ ಬೀಳಬೇಕು. ಸುಮಾರು ಎಂದರೆ ಎಷ್ಟು? ದ್ವಿಪದ ಪ್ರಮೇಯದಿಂದ ನೇರವಾಗಿ ಲೆಕ್ಕಹಾಕಹೊರಟರೆ ಮುಗಿಯುವ ಮಾತಲ್ಲ. ಡಿ ಮ್ವಾವರ್ ಕಂಡುಕೊಂಡ ಸನ್ನಿಹಿತ ಸೂತ್ರದಂತೆ, ಆ ಸಂಖ್ಯೆ 1,770ಕ್ಕೂ 1,830ಕ್ಕೂ ನಡುವೆ ಇರುವ ಸಂಭವ ನೂರಕ್ಕೆ ಸುಮಾರು 68. ಈ 30ರ ಅಂತರವು 3,600ರ ವರ್ಗಮೂಲದ ಅರ್ಧ. ಎಸೆತಗಳು ನಾಲ್ಮಡಿಯಾದರೆ ಅಂತರ ಇಮ್ಮಡಿಯಾಗುವುದೇ ಹೊರತು ನಾಲ್ಮಡಿಯಾಗದು. ಆದುದರಿಂದ ಪ್ರಯೋಗಗಳು ಹೆಚ್ಚಿದಷ್ಟೂ ಅನುಪಾತವು ಅರ್ಧಕ್ಕೆ ಹತ್ತಿರವಾಗುತ್ತದೆ. ಸಂಖ್ಯಾಶಾಸ್ತ್ರದ ಘಂಟಾಕಾರದ ವಕ್ರರೇಖೆಯ ಮೂಲ ಇಲ್ಲಿದೆ. ಮುಂದೆ ಅದು ಗೌಸನ ಹೆಸರಿನಲ್ಲಿ ಪ್ರಸಿದ್ಧವಾಯಿತು. ಸೂತ್ರದಲ್ಲಿ ಬರುವ ಒಂದು ಸ್ಥಿರಾಂಕವನ್ನು ನಿರ್ಧರಿಸಿದವನು ತನ್ನ ಮಿತ್ರ ಸ್ಟರ್ಲಿಂಗನೆಂಬುದನ್ನು ಡಿ ಮ್ವಾವರ್ ಮರೆಮಾಚದೆ ದಾಖಲಿಸಿದ್ದಾನೆ.

ಮುಪ್ಪಿನಲ್ಲಿಯೂ ಬಡತನ ಬಿಡಲಿಲ್ಲ. ದಿನವೂ ಕಾಲುಗಂಟೆ ಹೆಚ್ಚು ನಿದ್ರಿಸುತ್ತ ಹೋಗಿ, ಮೊತ್ತವು ಇಪ್ಪತ್ತನಾಲ್ಕು ಗಂಟೆಯಾದ ದಿನ ಕಣ್ಣುಮುಚ್ಚಿದನೆಂಬ ಕಥೆ ಸಮಾಂತರ ಶ್ರೇಢಿಯ ಪಾಠಕ್ಕೆ ಒದಗೀತು, ನಂಬಬೇಕಾಗಿಲ್ಲ. 1754ರ ನವೆಂಬರ್ 27ರಂದು, 87ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡನು. ಆತನು ಹುಟ್ಟಿದ ನಾಡಿನ ಪ್ಯಾರಿಸ್ ವಿಜ್ಞಾನ ಅಕಾಡೆಮಿಯು ಅದೇ ವರ್ಷ ಆತನನ್ನು ಸದಸ್ಯನನ್ನಾಗಿ ಆರಿಸಿತ್ತು, ವಿದೇಶೀಯರ ಪಟ್ಟಿಯಲ್ಲಿ.