ಜಾಡು ಹಿಡಿದ ವಿಜ್ಞಾನಿ ಜಾರ್ಜ್ ಡಿ ಹೆವೆಸಿ



ಮಂಡಿಗೆ ಕೃತಕ ಕೀಲು ಹಾಕಿಸಿಕೊಂಡ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದ ಮೇಲೆ ಮಂಡಿ ಮತ್ತೆ ನೋಯುತ್ತಿದೆ. ಕೀಲು ಸಡಿಲವಾಗಿದೆಯೋ, ಒಳಗೆ ಸೋಂಕು ಸೇರಿದೆಯೋ? ಎಕ್ಸ್-ರೇಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣಬಹುದು. ಆದರೆ ಚಿಕಿತ್ಸೆ ಒಂದೇ ಅಲ್ಲ. ಸಡಿಲವಾಗಿದ್ದರೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬಹುದು. ಸೋಂಕು ಇದ್ದರೆ ಅನೇಕ ಸಲ ಕೀಲನ್ನು ತೆಗೆದು, ವಾರಗಟ್ಟಲೆ ಆಂಟಿಬಯೋಟಿಕ್ ಕೊಟ್ಟು, ಸೋಂಕು ಹೋಯಿತೆಂದು ಖಾತ್ರಿಯಾದ ಮೇಲೆಯೇ ಹೊಸ ಕೀಲು ಹಾಕಬೇಕಾಗುತ್ತದೆ. ಈ ನಿರ್ಧಾರ ತಪ್ಪಿದರೆ ರೋಗಿ ಕಾಲನ್ನೇ ಕಳೆದುಕೊಳ್ಳುವ ಅಪಾಯವೂ ಉಂಟು.

ಇಂತಹ ಸಂದರ್ಭದಲ್ಲಿ ವೈದ್ಯರಿಗೆ ನೆರವಾಗುವ ವಿಧಾನಗಳಲ್ಲಿ ಒಂದು ವಿಕಿರಣಶೀಲ ಗುರುತು ಹಚ್ಚಿದ ಪ್ರತಿಕಾಯಗಳ ಬಳಕೆ. ಪ್ರತಿಕಾಯ ಎಂದರೆ ನಮ್ಮ ದೇಹ ತನ್ನ ರಕ್ಷಣೆಗಾಗಿ ತಯಾರಿಸುವ ಪ್ರೋಟೀನು. ಒಂದೊಂದು ಪ್ರತಿಕಾಯವೂ ಒಂದು ನಿರ್ದಿಷ್ಟ ಗುರಿಗೆ ಮಾತ್ರ ಅಂಟಿಕೊಳ್ಳುತ್ತದೆ. ಅದಕ್ಕೆ ವಿಕಿರಣ ಸೂಸುವ ಪರಮಾಣುವೊಂದನ್ನು ಕಟ್ಟಿ ರಕ್ತಕ್ಕೆ ಬಿಟ್ಟರೆ ಅದು ಎಲ್ಲಿ ಹೋಗಿ ಕೂತಿತು ಎಂಬುದನ್ನು ಹೊರಗಿನಿಂದಲೇ ಕ್ಯಾಮೆರಾದಲ್ಲಿ ನೋಡಬಹುದು. ಗುರುತು ಹಚ್ಚಿ ಹಿಂಬಾಲಿಸುವ ಈ ಉಪಾಯದ ಮೂಲಪುರುಷ ಹಂಗೇರಿಯ ರಸಾಯನ ವಿಜ್ಞಾನಿ ಜಾರ್ಜ್ ಡಿ ಹೆವೆಸಿ. ಅವರ ಜೀವನವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೆವೆಸಿ ಅವರು 1885ರ ಆಗಸ್ಟ್ 1ರಂದು ಬುಡಾಪೆಸ್ಟ್ ನಗರದ ಶ್ರೀಮಂತ ಕುಟುಂಬದಲ್ಲಿ ಜನಿಸಿದರು. ಎಂಟು ಮಕ್ಕಳಲ್ಲಿ ಐದನೆಯವರು. ಮನೆತನದ ಮೂಲ ಯಹೂದಿಯಾದರೂ ಕುಟುಂಬ ಕ್ಯಾಥೊಲಿಕ್ ಆಗಿತ್ತು. ಬುಡಾಪೆಸ್ಟ್, ಬರ್ಲಿನ್‌ಗಳಲ್ಲಿ ಓದಿ 1908ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಜ್ಯೂರಿಕ್, ಕಾರ್ಲ್ಸ್‌ರೂಹ್. ಅಲ್ಲಿಂದ 1911ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಬಂದು ಅರ್ನೆಸ್ಟ್ ರುದರ್‌ಫೋರ್ಡ್ ಅವರ ಪ್ರಯೋಗಾಲಯ ಸೇರಿದರು.

ರುದರ್‌ಫೋರ್ಡ್ ಅವರಲ್ಲಿ ಆಸ್ಟ್ರಿಯಾ ಸರ್ಕಾರ ಕಾಣಿಕೆಯಾಗಿ ಕೊಟ್ಟ ನೂರಾರು ಕಿಲೋ ಸೀಸವಿತ್ತು. ಯುರೇನಿಯಂ ಅದಿರಿನಿಂದ ಬಂದ ಆ ಸೀಸದಲ್ಲಿ ರೇಡಿಯಂ-ಡಿ ಎಂಬ ವಿಕಿರಣಶೀಲ ವಸ್ತು ಬೆರೆತಿತ್ತು. ಅದು ಬೇರೆಯಾಗಿ ಸಿಕ್ಕರೆ ಪ್ರಯೋಗಗಳಿಗೆ ಬಹಳ ಬೆಲೆಯುಳ್ಳದ್ದು. ಸೀಸದೊಳಗೆ ಹುದುಗಿದ್ದರೆ ಉಪಯೋಗವಿಲ್ಲ. ಅದನ್ನು ಬೇರ್ಪಡಿಸುವ ಕೆಲಸ ಈ ತರುಣನಿಗೆ ಬಂತು. ಹೆವೆಸಿ ಸುಮಾರು ಎರಡು ವರ್ಷ ತಮಗೆ ಗೊತ್ತಿದ್ದ ಎಲ್ಲ ರಾಸಾಯನಿಕ ವಿಧಾನಗಳನ್ನೂ ಪ್ರಯೋಗಿಸಿದರು. ಕರಗಿಸಿದರು, ಹರಳುಗಟ್ಟಿಸಿದರು, ವಿದ್ಯುತ್ ಹಾಯಿಸಿದರು. ರೇಡಿಯಂ-ಡಿ ಸೀಸವನ್ನು ಬಿಟ್ಟು ಕದಲಲಿಲ್ಲ.

ಕಾರಣ ಇಂದಿನ ಹೈಸ್ಕೂಲು ವಿದ್ಯಾರ್ಥಿಗೂ ಗೊತ್ತು. ರೇಡಿಯಂ-ಡಿ ಕೂಡ ಸೀಸವೇ, ಸೀಸದ ಒಂದು ಸಮಸ್ಥಾನಿ. ಇಂದು ಅದನ್ನು ಸೀಸ-210 ಎನ್ನುತ್ತೇವೆ. ತೂಕದಲ್ಲಿ ಮಾತ್ರ ವ್ಯತ್ಯಾಸ, ರಾಸಾಯನಿಕ ಸ್ವಭಾವ ಒಂದೇ. ಆದರೆ 1911ರಲ್ಲಿ ಸಮಸ್ಥಾನಿ ಎಂಬ ಪರಿಕಲ್ಪನೆ ಇನ್ನೂ ರೂಪುಗೊಂಡಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಅಂದಿನ ದೃಷ್ಟಿಯಲ್ಲಿ ಇದು ಶುದ್ಧ ಸೋಲು.

ಹೆವೆಸಿ ಇಲ್ಲಿ ಪ್ರಶ್ನೆಯನ್ನೇ ತಿರುಗಿಸಿ ನೋಡಿದರು. ಸೀಸವನ್ನು ಬಿಟ್ಟು ಬಾರದ ವಸ್ತು, ಸೀಸ ಹೋದಲ್ಲೆಲ್ಲ ಹೋಗಲೇಬೇಕಲ್ಲವೇ? ಹಾಗಾದರೆ ಮಾಮೂಲಿ ಸೀಸಕ್ಕೆ ಸ್ವಲ್ಪ ರೇಡಿಯಂ-ಡಿ ಬೆರೆಸಿಟ್ಟರೆ ಅದರ ವಿಕಿರಣವನ್ನು ಅಳೆದು ಸೀಸದ ಚಲನೆಯನ್ನು ತಿಳಿಯಬಹುದು. ಕುರಿಮಂದೆಯ ಒಂದು ಕುರಿಯ ಕೊರಳಿಗೆ ಗಂಟೆ ಕಟ್ಟಿದ ಕುರುಬ, ಕತ್ತಲಲ್ಲೂ ಮಂದೆ ಎತ್ತ ಹೋಗುತ್ತಿದೆ ಎಂದು ಕಿವಿಯಿಂದಲೇ ತಿಳಿಯುವ ಹಾಗೆ. ಉರ್ದು ಓದುವ ವಿದ್ಯಾರ್ಥಿಗಳಿಗೆ ಸುರಾಗ್ ಎಂಬ ಪದ ಪರಿಚಿತ. ಪತ್ತೇದಾರನನ್ನು ಉರ್ದುವಿನಲ್ಲಿ ಸುರಾಗ್‌ರಸಾನ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಜಾಡು ಎಂಬ ಒಳ್ಳೆಯ ಮಾತಿದೆ. ಪಠ್ಯಪುಸ್ತಕದ ಭಾರವಾದ ಶಬ್ದಗಳಿಗಿಂತ ಇವೇ ಈ ವಿಧಾನಕ್ಕೆ ಚೆನ್ನಾಗಿ ಒಪ್ಪುತ್ತವೆ ಎಂದು ನನ್ನ ಅಭಿಪ್ರಾಯ.

1913ರಲ್ಲಿ ವಿಯೆನ್ನಾದ ರೇಡಿಯಂ ಸಂಸ್ಥೆಯಲ್ಲಿ ಫ್ರಿಟ್ಜ್ ಪ್ಯಾನೆತ್ ಜೊತೆಗೂಡಿ ಹೆವೆಸಿ ಇದನ್ನು ಸಾಧಿಸಿ ತೋರಿಸಿದರು. ಸೀಸದ ಕೆಲವು ಲವಣಗಳು ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ ಕರಗುತ್ತವೆ. ಯಾವ ತಕ್ಕಡಿಗೂ ಸಿಗದ ಆ ಪ್ರಮಾಣವನ್ನು ಅವರು ವಿಕಿರಣದ ಮೂಲಕ ಅಳೆದರು.

ಮ್ಯಾಂಚೆಸ್ಟರ್‌ನ ಬಾಡಿಗೆ ಮನೆಯ ಪ್ರಸಂಗವೊಂದನ್ನು ಹೆವೆಸಿ ಅವರೇ ಮುಂದೆ ಹೇಳುತ್ತಿದ್ದರು. ಊಟ ಹಾಕುತ್ತಿದ್ದ ಮನೆಯೊಡತಿ ತಟ್ಟೆಯಲ್ಲಿ ಉಳಿದ ಮಾಂಸವನ್ನೇ ಮತ್ತೆ ಬೇರೆ ಅಡುಗೆಯಾಗಿ ಬಡಿಸುತ್ತಾಳೆ ಎಂಬುದು ಅವರ ಸಂಶಯ. ಒಂದು ದಿನ ಉಳಿದ ಊಟಕ್ಕೆ ಒಂದಿಷ್ಟು ವಿಕಿರಣಶೀಲ ವಸ್ತುವನ್ನು ಸೇರಿಸಿಟ್ಟರು. ಕೆಲವು ದಿನಗಳ ಮೇಲೆ ಬಡಿಸಿದ ತಿನಿಸಿನ ಮುಂದೆ ಉಪಕರಣ ಹಿಡಿದಾಗ ಗುಟ್ಟು ಬಯಲಾಯಿತು. ಇಂದು ಯಾವ ಪ್ರಯೋಗಾಲಯವೂ ಇಂತಹ ಸಾಹಸಕ್ಕೆ ಬಿಡದು, ಬಿಡಲೂ ಬಾರದು!

ಮೊದಲ ಮಹಾಯುದ್ಧದ ಅನಂತರ 1920ರಲ್ಲಿ ಹೆವೆಸಿ ಕೋಪನ್‌ಹೇಗನ್‌ಗೆ, ನೀಲ್ಸ್ ಬೋರ್ ಅವರಲ್ಲಿಗೆ ಹೋದರು. ಅಲ್ಲಿ ಡಿರ್ಕ್ ಕೋಸ್ಟರ್ ಜೊತೆ 72ನೆಯ ಧಾತುವನ್ನು ಕಂಡುಹಿಡಿದು, 1923ರಲ್ಲಿ ಆ ನಗರದ ಲ್ಯಾಟಿನ್ ಹೆಸರಿನಿಂದ ಹಾಫ್ನಿಯಂ ಎಂದು ಕರೆದರು. ಬೇರೆ ಯಾರಿಗಾದರೂ ಇದೊಂದೇ ಸಾಕಿತ್ತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದೇ ವರ್ಷದ ಇನ್ನೊಂದು ಕೆಲಸ. ವಿಕಿರಣಶೀಲ ಸೀಸ ಬೆರೆಸಿದ ನೀರಿನಲ್ಲಿ ಅವರೆಕಾಯಿಯ ಜಾತಿಯ ಗಿಡಗಳ ಬೇರನ್ನು ಇಳಿಬಿಟ್ಟು, ಬೇರಿನಲ್ಲಿ ಎಷ್ಟು ನಿಂತಿತು, ಎಲೆಗೆ ಎಷ್ಟು ಏರಿತು ಎಂದು ಲೆಕ್ಕ ಹಾಕಿದರು. ಜೀವಿಯೊಳಗೆ ವಿಕಿರಣದ ಜಾಡು ಹಿಡಿದ ಮೊದಲ ಪ್ರಯೋಗವೆಂದು ಇದು ಪ್ರಸಿದ್ಧ.

ಆದರೆ ಸೀಸ ವಿಷ. ಪ್ರಕೃತಿಯಲ್ಲಿ ಸಿಗುವ ವಿಕಿರಣಶೀಲ ಧಾತುಗಳಲ್ಲಿ ಹೆಚ್ಚಿನವು ಇಂತಹ ಭಾರ ಲೋಹಗಳೇ. ದೇಹಕ್ಕೆ ಅವುಗಳಿಂದ ಕೆಲಸವಿಲ್ಲ. 1934ರಲ್ಲಿ ಐರೀನ್ ಮತ್ತು ಫ್ರೆಡೆರಿಕ್ ಜೋಲಿಯೋ-ಕ್ಯೂರಿ ದಂಪತಿ ಕೃತಕ ವಿಕಿರಣಶೀಲತೆಯನ್ನು ಕಂಡುಹಿಡಿದ ಮೇಲೆ ಬಾಗಿಲು ತೆರೆಯಿತು. ಇನ್ನು ದೇಹ ನಿಜವಾಗಿ ಬಳಸುವ ಧಾತುಗಳಿಗೇ ಗಂಟೆ ಕಟ್ಟಬಹುದಾಗಿತ್ತು. 1935ರಲ್ಲಿ ಹೆವೆಸಿ ಮತ್ತು ಚೀವಿಟ್ಜ್ ಇಲಿಗಳಿಗೆ ವಿಕಿರಣಶೀಲ ರಂಜಕವನ್ನು ಉಣಿಸಿದರು. ರಂಜಕ ಮೂಳೆಗೆ ಹೋಗುತ್ತದೆ, ಅಲ್ಲೇ ನಿಲ್ಲುವುದಿಲ್ಲ, ಮತ್ತೆ ಹೊರಬರುತ್ತದೆ ಎಂದು ಗೊತ್ತಾಯಿತು. ಬೆಳೆದು ಮುಗಿದ ಮೂಳೆ ಕಲ್ಲುಕಂಬದಂತೆ ಸುಮ್ಮನೆ ನಿಂತಿರುತ್ತದೆ ಎಂದುಕೊಂಡಿದ್ದವರಿಗೆ ಇದು ಆಶ್ಚರ್ಯ. ನಮ್ಮ ಎಲುಬುಗಳು ಈ ಕ್ಷಣದಲ್ಲೂ ಹಳತನ್ನು ಬಿಟ್ಟು ಹೊಸತನ್ನು ತುಂಬಿಕೊಳ್ಳುತ್ತಿವೆ.

ಅಷ್ಟರಲ್ಲಿ ಯುರೋಪಿನ ಗಾಳಿ ಕೆಟ್ಟಿತ್ತು. 1926ರಿಂದ ಫ್ರೈಬರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಹೆವೆಸಿ, ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ 1934ರಲ್ಲಿ ಹುದ್ದೆ ತೊರೆದು ಕೋಪನ್‌ಹೇಗನ್‌ಗೆ ಮರಳಿದ್ದರು. 1940ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ಬಂತು. ಬೋರ್ ಅವರ ಸಂಸ್ಥೆಯಲ್ಲಿ ಮ್ಯಾಕ್ಸ್ ಫಾನ್ ಲೌ ಮತ್ತು ಜೇಮ್ಸ್ ಫ್ರಾಂಕ್ ಅವರ ನೊಬೆಲ್ ಚಿನ್ನದ ಪದಕಗಳು ಜೋಪಾನಕ್ಕಾಗಿ ಇಟ್ಟಿದ್ದವು. ಜರ್ಮನಿಯಿಂದ ಚಿನ್ನ ಹೊರಗೆ ಕಳಿಸುವುದು ಆಗ ಘೋರ ಅಪರಾಧ, ಪದಕಗಳ ಮೇಲೆ ಹೆಸರುಗಳು ಬೇರೆ ಕೆತ್ತಿದ್ದವು. ಸಿಕ್ಕಿದರೆ, ಜರ್ಮನಿಯಲ್ಲೇ ಇದ್ದ ಲೌ ಅವರ ಪ್ರಾಣಕ್ಕೆ ಸಂಚಕಾರ. ಹೂತಿಡೋಣ ಎಂದರು ಹೆವೆಸಿ. ಅಗೆದು ತೆಗೆದಾರು ಎಂದು ಬೋರ್ ಒಪ್ಪಲಿಲ್ಲ. ಸೈನಿಕರು ಬೀದಿಗಳಲ್ಲಿ ನಡೆಯುತ್ತಿರುವಾಗಲೇ ಹೆವೆಸಿ ಎರಡೂ ಪದಕಗಳನ್ನು ಆಕ್ವಾ ರೇಜಿಯಾ ಎಂಬ ತೀವ್ರ ಆಮ್ಲ ಮಿಶ್ರಣದಲ್ಲಿ ಕರಗಿಸಿದರು. ಚಿನ್ನ ಸುಲಭಕ್ಕೆ ಕರಗದ ಲೋಹ, ಕೆಲಸ ನಿಧಾನ. ಆ ದ್ರಾವಣದ ಬಾಟಲಿ ಯುದ್ಧ ಮುಗಿಯುವವರೆಗೂ ಇತರ ಬಾಟಲಿಗಳ ನಡುವೆ ಕಪಾಟಿನಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ. ಯುದ್ಧಾನಂತರ ಆ ಚಿನ್ನವನ್ನು ಮರಳಿ ಪಡೆದು, ಅದರಿಂದ ಪದಕಗಳನ್ನು ಹೊಸದಾಗಿ ಅಚ್ಚು ಹಾಕಿಸಲಾಯಿತು.

1943ರಲ್ಲಿ ಹೆವೆಸಿ ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋದರು. ಆ ವರ್ಷದ ರಸಾಯನಶಾಸ್ತ್ರದ ನೊಬೆಲ್ ಬಹುಮಾನ, ಘೋಷಣೆಯಾದದ್ದು 1944ರಲ್ಲಿ, ಅವರಿಗೆ ಸಂದಿತು. ಹಾಫ್ನಿಯಂಗಾಗಿ ಅಲ್ಲ, ಜಾಡು ಹಿಡಿಯುವ ವಿಧಾನಕ್ಕಾಗಿ. 1966ರ ಜುಲೈ 5ರಂದು ಫ್ರೈಬರ್ಗ್‌ನಲ್ಲಿ ಅವರು ತೀರಿಕೊಂಡರು. 2001ರಲ್ಲಿ ಅವರ ಅವಶೇಷಗಳನ್ನು ಬುಡಾಪೆಸ್ಟ್‌ಗೆ ತಂದು ಮತ್ತೆ ಮಣ್ಣು ಮಾಡಲಾಯಿತು.

ಅವರ ಉಪಾಯ ಅವರ ಜೀವಿತಕಾಲದಲ್ಲೇ ಇತರರ ಕೈಯಲ್ಲಿ ಬೆಳೆಯತೊಡಗಿತ್ತು. 1948ರಲ್ಲಿ ಪ್ರೆಸ್‌ಮನ್ ಮತ್ತು ಕೀಲಿ ಎಂಬ ಸಂಶೋಧಕರು ಇಲಿಯ ಮೂತ್ರಪಿಂಡಕ್ಕೆ ಅಂಟುವ ಪ್ರತಿಕಾಯಕ್ಕೆ ವಿಕಿರಣಶೀಲ ಅಯೋಡಿನ್ ಹಚ್ಚಿ ಬಿಟ್ಟಾಗ ಅದು ಮೂತ್ರಪಿಂಡದಲ್ಲೇ ಶೇಖರವಾಯಿತು. ಇಲ್ಲೊಂದು ವ್ಯತ್ಯಾಸ ಗಮನಿಸಿ. ಹೆವೆಸಿಯವರ ಗುರುತು ಮಂದೆಯದೇ ಒಂದು ಕುರಿ. ಪ್ರತಿಕಾಯದ ಮೇಲಿನ ಗುರುತು ಹೊರಗಿನಿಂದ ತಂದು ಕಟ್ಟಿದ್ದು. ಅದು ಬಿಚ್ಚಿ ಬಿದ್ದರೆ ಚಿತ್ರವೂ ಸುಳ್ಳಾಗುತ್ತದೆ. ಆದ್ದರಿಂದ ಗಟ್ಟಿಯಾಗಿ ಕಟ್ಟುವುದೇ ಒಂದು ದೊಡ್ಡ ರಸಾಯನ ವಿದ್ಯೆಯಾಯಿತು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಕ್ರಮ ಕಂಡುಹಿಡಿದ ಮೇಲೆ ಇದು ಆಸ್ಪತ್ರೆಗೆ ಬರಲು ಸಾಧ್ಯವಾಯಿತು.

ಸೋಂಕಿನ ಜಾಗಕ್ಕೆ ಮೊದಲು ಓಡುವವು ನಮ್ಮ ಬಿಳಿ ರಕ್ತಕಣಗಳು. ರೋಗಿಯ ರಕ್ತ ತೆಗೆದು, ಬಿಳಿ ಕಣಗಳನ್ನು ಬೇರ್ಪಡಿಸಿ, ಇಂಡಿಯಂ ಅಥವಾ ಟೆಕ್ನೀಷಿಯಂ ಹಚ್ಚಿ ಮತ್ತೆ ದೇಹಕ್ಕೆ ಸೇರಿಸುವ ವಿಧಾನ 1970ರ ದಶಕದಿಂದ ಬೆಳೆದು ಬಂದಿದೆ. ನಂಬಿಕೆಗೆ ಅರ್ಹವಾದರೂ ಗಂಟೆಗಟ್ಟಲೆ ಹಿಡಿಯುವ, ರಕ್ತ ಕೈಯಾಡಿಸುವ ಅಪಾಯವಿರುವ ಕೆಲಸ. ಬಿಳಿ ಕಣಗಳಿಗೇ ಅಂಟುವ ಪ್ರತಿಕಾಯವಿದ್ದರೆ ಒಂದು ಚುಚ್ಚುಮದ್ದು ಸಾಕು. ಅದರ ಮೇಲಿನ ಟೆಕ್ನೀಷಿಯಂ-99ಎಂ ಅರ್ಧಾಯುಷ್ಯ 6 ಗಂಟೆ. 24 ಗಂಟೆಯಲ್ಲಿ ಹದಿನಾರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. (ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ.) ಅಷ್ಟರೊಳಗೆ ಗಾಮಾ ಕ್ಯಾಮೆರಾದಲ್ಲಿ ಎರಡು ಹೊತ್ತು ಚಿತ್ರ ತೆಗೆಯುತ್ತಾರೆ. ಸೋಂಕಿನ ಚುಕ್ಕೆ ಸುತ್ತಲಿನ ಭಾಗಕ್ಕಿಂತ ಹೊತ್ತು ಹೋದಂತೆ ಎದ್ದು ಕಾಣುತ್ತದೆ. ಬರೀ ಉರಿಯೂತವಾದರೆ ಸಾಮಾನ್ಯವಾಗಿ ಮಂಕಾಗುತ್ತದೆ.

ತೊಡಕುಗಳೂ ಇವೆ. ಈ ಪ್ರತಿಕಾಯಗಳಲ್ಲಿ ಹಲವು ಇಲಿ ಮೂಲದವು. ನಮ್ಮ ದೇಹ ಅವುಗಳ ವಿರುದ್ಧವೇ ಪ್ರತಿಕಾಯ ತಯಾರಿಸಬಹುದು. ಹಾಗಾಗಿ 2010ರಲ್ಲಿ ಯುರೋಪಿನಲ್ಲಿ ಮೂಳೆ ಸೋಂಕಿಗಾಗಿ ಅನುಮತಿ ಪಡೆದ ಬೆಸಿಲೆಸೊಮ್ಯಾಬ್ ಕೊಡುವ ಮೊದಲು ರಕ್ತ ಪರೀಕ್ಷೆ ಮಾಡುತ್ತಾರೆ. ಅಮೆರಿಕದಲ್ಲಿ 2004ರಲ್ಲಿ, ಲಕ್ಷಣಗಳು ಸ್ಪಷ್ಟವಿಲ್ಲದ ಅಪೆಂಡಿಸೈಟಿಸ್ ಪತ್ತೆಗೆಂದು ಬಂದ ಫ್ಯಾನೊಲೆಸೊಮ್ಯಾಬ್ ಅನ್ನು, ಸಾವುಗಳು ವರದಿಯಾದ ಕಾರಣ 2005ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಗುರುತು ಹಚ್ಚಿದ ಬಿಳಿ ರಕ್ತಕಣಗಳ ವಿಧಾನ ಇಂದಿಗೂ ಬಳಕೆಯಲ್ಲಿದೆ. ಜೊತೆಗೆ ವಿಕಿರಣಶೀಲ ಫ್ಲೋರಿನ್ ಹಚ್ಚಿದ ಸಕ್ಕರೆಯಂತಹ ವಸ್ತುವನ್ನು ಕೊಟ್ಟು ಪೆಟ್ ಯಂತ್ರದಲ್ಲಿ ನೋಡುವ ಕ್ರಮವೂ ಬಂದಿದೆ. ಸೋಂಕಿನ ಜಾಗದಲ್ಲಿ ದುಡಿಯುತ್ತಿರುವ ಕಣಗಳು ಆ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಯಾವ ರೋಗಿಗೆ ಯಾವುದು ಎಂಬುದನ್ನು ವೈದ್ಯರು ಮೂಳೆ, ಕೀಲು, ಜ್ವರದ ಸ್ವರೂಪ ನೋಡಿ ತೀರ್ಮಾನಿಸುತ್ತಾರೆ.